ಹಳದಿ ಬೆಲ್ಟು ಮತ್ತು ಹದಿಮೂರನೇ ಹೆಜ್ಜೆ

ನಾಟಕ ನೋಡಿ ಬಂದವರು ವಿಮರ್ಶೆ ಬರೀತಾರೆ. ಸಿನಿಮಾ ನೋಡಿದವರಂತೂ ಇಂಟರ್ವಲ್‌ನಲ್ಲೇ ಶುರು ಹಚ್ಕೊಳ್ತಾರೆ. ಆದರೆ ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಮೂರು ತಿಂಗಳಿಗೊಮ್ಮೆ ತಪ್ಪದೇ ನಡೆಯುವ, ಅಜ್ಜಿ-ತಾತ ಸಮೇತ ಮನೆಮಂದಿಯೆಲ್ಲ ಫೋನ್ ಎತ್ತಿ ಹಿಡಿದು ನೋಡುವ ಒಂದು ಪ್ರದರ್ಶನಕ್ಕೆ ಯಾರೂ ವಿಮರ್ಶೆ ಬರೆದದ್ದು ನಾನಂತೂ ಓದಿಲ್ಲ. ಅದು ಮಕ್ಕಳ ಟೇಕ್ವಾಂಡೋ ಬೆಲ್ಟ್ ಟೆಸ್ಟ್. ಕಳೆದ ತಿಂಗಳು ಅಕ್ಕನ ಮಗಳದ್ದು ಇತ್ತು. ಎಂಟು ವರ್ಷ, ಮನೇಲಿ ಪುಟ್ಟಿ ಅಂತೀವಿ. ಬಿಳಿಯಿಂದ ಹಳದಿಗೆ. ನೋಡಿ ಬಂದಾಗಿನಿಂದ ತಲೇಲಿ ಕೊರೀತಾ ಇದೆ, ಅದಕ್ಕೇ ಬರೀತಿದೀನಿ.

ಎಂಟು ಗಂಟೆಗೆ ಬನ್ನಿ ಅಂದಿದ್ರು, ಹೋದ್ವಿ. ಕ್ಲಬ್‌ಹೌಸ್ ಮೇಲಿನ ಹಾಲ್. ಗೋಡೆಗೆ ಬ್ಯಾನರು, ಅದರಲ್ಲಿ ‘2000 ವರ್ಷಗಳ ಪ್ರಾಚೀನ ಕಲೆ’ ಅಂತ ದಪ್ಪ ಅಕ್ಷರ. ಹೊರಗಿನಿಂದ ಬರಬೇಕಾಗಿದ್ದ ಪರೀಕ್ಷಕರು ಬಂದದ್ದು ಹತ್ತೂಕಾಲಿಗೆ. ಅಷ್ಟು ಹೊತ್ತಿಗೆ ಅರ್ಧ ಮಕ್ಕಳಿಗೆ ಹಸಿವು, ಇನ್ನರ್ಧಕ್ಕೆ ಬಾತ್‌ರೂಮು. ಇಸ್ತ್ರಿ ಮಾಡಿದ ದೊಬೊಕ್‌ಗಳ ಮೇಲೆ ಆಗಲೇ ಇಡ್ಲಿ ಚಟ್ನಿ ಕಲೆ. ಒಟ್ಟು 64 ಮಕ್ಕಳು. ನಾನು ಎಣಿಸಿದೆ, ಯಾಕಂದ್ರೆ ಮಾಡೋಕೆ ಬೇರೇನೂ ಇರಲಿಲ್ಲ. ಎಂಟೆಂಟು ಮಕ್ಕಳ ಎಂಟು ತಂಡ, ಒಂದು ತಂಡಕ್ಕೆ ಹೆಚ್ಚೂಕಮ್ಮಿ ಹನ್ನೆರಡು ನಿಮಿಷ. ಅಂದ್ರೆ ಮಗುವಿಗೆ ಒಂದೂವರೆ ನಿಮಿಷ. ನಮ್ಮ ಆಫೀಸಿನ ಅಪ್ರೈಸಲ್ ಕೂಡ ಇದಕ್ಕಿಂತ ಸ್ವಲ್ಪ ಜಾಸ್ತಿ ಹೊತ್ತು ನಡಿಯುತ್ತೆ ಅನ್ನೋದು ಸಮಾಧಾನವೋ ದುಃಖವೋ ಗೊತ್ತಿಲ್ಲ.

ಟೇಕ್ವಾಂಡೋದಲ್ಲಿ ಪೂಮ್ಸೆ ಅಂತ ಇದೆ. ಎದುರಾಳಿ ಇಲ್ಲದೇ, ಇದ್ದಾನೆ ಅಂದ್ಕೊಂಡು, ನಿಗದಿಯಾದ ಕ್ರಮದಲ್ಲಿ ತಡೆ, ಗುದ್ದು, ಒದೆತ ಮಾಡ್ತಾ ನೆಲದ ಮೇಲೆ ಒಂದು ಆಕೃತಿ ಬಿಡಿಸೋದು. ಶುರುವಿನವರಿಗೆ ಇರೋದು ತೇಗುಕ್ ಇಲ್ ಜಾಂಗ್, 18 ಚಲನೆ. ನೋಡೋಕೆ ಸುಲಭ. ಹೊರಗಿನವರಿಗೆ ಕಾಣದ ಒಂದು ಕೊಕ್ಕೆ ಅದರಲ್ಲಿದೆ. ಮೊದಲ ಸಾಲಿನಲ್ಲಿ ಎಡಕ್ಕೆ ತಿರುಗಿ ಶುರು ಮಾಡ್ತೀವಿ. ಮುಂದೆ ಹೋಗಿ ಎರಡನೇ ಸಾಲಿನಲ್ಲಿ ಮೊದಲು ಬಲಕ್ಕೆ. ಮತ್ತೆ ಮುಂದೆ ಹೋದ ಮೇಲೆ, ಮೂರನೇ ಸಾಲಿನಲ್ಲಿ, ತಿರುಗಿ ಎಡಕ್ಕೆ. ಅದು ಹದಿಮೂರನೇ ಚಲನೆ. ತಲೆ ಮೇಲೆ ಕೈ ಎತ್ತಿ ತಡೆಯೋದು, ಆಮೇಲೆ ಅಪ್ ಚಾಗಿ, ಅಂದರೆ ನೇರ ಮುಂದಕ್ಕೆ ಒದೆತ. ಬರೀ ದೇಹಕ್ಕೆ ಅಭ್ಯಾಸ ಆಗಿದ್ದು, ತಲೆಗೆ ಅರ್ಥ ಆಗದೇ ಇದ್ದವರು ಇಲ್ಲಿ ಸಿಕ್ಕಿಹಾಕ್ಕೊಳ್ತಾರೆ. ಹಿಂದಿನ ಸಾಲು ಬಲಕ್ಕೆ ಶುರುವಾಗಿತ್ತಲ್ಲ, ಕಾಲು ತಾನಾಗೇ ಬಲಕ್ಕೆ ಹೋಗುತ್ತೆ.

ಪುಟ್ಟಿಯ ಕಾಲೂ ಬಲಕ್ಕೇ ಹೋಯ್ತು.

ಉಳಿದ ಏಳು ಜನ ಎಡಕ್ಕೆ, ಇವಳೊಬ್ಬಳು ಬಲಕ್ಕೆ. ಪಕ್ಕದ ಹುಡುಗನ ಮುಖಕ್ಕೆ ಮುಖ ಕೊಟ್ಟು ನಿಂತಳು. ಅವನು ಒದೀಬೇಕಾದ ಜಾಗದಲ್ಲಿ ಇವಳಿದ್ದಾಳೆ, ಪಾಪ ಅವನೂ ಕಾಲೆತ್ತಿ ಹಾಗೇ ಇಳಿಸಿದ. ಇವಳು ಗಾಬರಿಯಾಗಿ ಸುತ್ತ ನೋಡಿ, ತಿರುಗಿ, ಒದೆತ ಬಿಟ್ಟು, ಗುದ್ದು ಬಿಟ್ಟು, ಕೊನೆಯ ಕಿಹಾಪ್‌ಗೆ ಮಾತ್ರ ಎಲ್ಲರ ಜೊತೆ ಸೇರಿ ಜೋರಾಗಿ ಕೂಗಿದಳು. ಪರೀಕ್ಷಕರು ಆ ಹೊತ್ತಿಗೆ ಯಾವುದೋ ಹಾಳೆ ಮೇಲೆ ಸಹಿ ಮಾಡ್ತಿದ್ರು. ಹನ್ನೆರಡೂಕಾಲಿಗೆ ಫಲಿತಾಂಶ. 64 ಮಕ್ಕಳೂ ಪಾಸ್. ಚಪ್ಪಾಳೆ. ಗ್ರೂಪ್ ಫೋಟೋ. ಬೆಲ್ಟು, ಸರ್ಟಿಫಿಕೇಟು, ಒಂದು ಫ್ರೂಟಿ.

ಕಾರಲ್ಲಿ ಬರುವಾಗ ಪುಟ್ಟಿ ಕೇಳಿದಳು: “ಚಿಕ್ಕಿ, ನಾನು ತಪ್ಪು ಮಾಡಿದ್ನಲ್ಲಾ, ಆದ್ರೂ ಯಾಕೆ ಕೊಟ್ರು?”

ಭಾವ ಮುಂದಿನ ಸೀಟಿಂದ, “ಅಷ್ಟೆಲ್ಲಾ ಯಾರೂ ನೋಡಲ್ಲ ಬಿಡು ಪುಟ್ಟಿ” ಅಂದ್ರು. ಸಮಾಧಾನಕ್ಕೇ ಹೇಳಿದ್ದು. ಆದರೆ ಆ ಮಾತು ಅವಳಿಗೆ ಹೇಗೆ ಕೇಳಿಸಿತು ಅನ್ನೋದು ಸೋಮವಾರ ಗೊತ್ತಾಯ್ತು. ಕ್ಲಾಸಿಗೆ ಹೊಸ ಹಳದಿ ಬೆಲ್ಟ್ ಬಿಟ್ಟು ಹಳೇ ಬಿಳಿ ಬೆಲ್ಟ್ ಕಟ್ಕೊಂಡು ಹೋಗಿದ್ದಾಳೆ. ಯಾಕೆ ಅಂದ್ರೆ ಮಾತೇ ಇಲ್ಲ.

ನನ್ನ ಕೆಲಸ ಸಾಫ್ಟ್‌ವೇರ್ ಟೆಸ್ಟಿಂಗ್. ನಮ್ಮಲ್ಲಿ ಒಂದು ಟೆಸ್ಟ್ ವರ್ಷವಿಡೀ ಒಂದು ಸಲವೂ ಫೇಲ್ ಆಗಲಿಲ್ಲ ಅಂದ್ರೆ ಯಾರೂ ಪ್ರೋಗ್ರಾಂ ಬರೆದವನ ಬೆನ್ನು ತಟ್ಟಲ್ಲ. ಟೆಸ್ಟ್ ಬರೆದವಳು ಏನು ನೋಡ್ತಿದಾಳೆ ಅಂತ ಕೇಳ್ತಾರೆ. ಪರೀಕ್ಷೆ ಅನ್ನೋ ಹೆಸರಿಟ್ಟು, ಪರೀಕ್ಷೆಯ ಶುಲ್ಕ ತಗೊಂಡು, ಪರೀಕ್ಷೆಯ ಹೆದರಿಕೆಯನ್ನೂ ಮಗುವಿಗೆ ಕೊಟ್ಟು, ಪರೀಕ್ಷೆಯೊಂದನ್ನೇ ಮಾಡದೇ ಇರೋದು ನನಗೆ ಹಿಡಿಸಲಿಲ್ಲ. ಇದನ್ನ ‘ಬೆಲ್ಟ್ ವಿತರಣಾ ಸಮಾರಂಭ’ ಅಂತ ಕರೆದಿದ್ರೆ ನನ್ನ ತಕರಾರೇ ಇರ್ತಿರಲಿಲ್ಲ.

ಇನ್ನು ಆ ಬ್ಯಾನರಿನ ಎರಡು ಸಾವಿರ ವರ್ಷ. ಕೊರಿಯಾದಲ್ಲಿ ಹಳೇ ಒದೆಯಾಟಗಳಿದ್ದವು, ತೆಕ್ಕ್ಯೊನ್ ಅನ್ನೋದು ಈಗಲೂ ಇದೆ, ಸುಳ್ಳಲ್ಲ. ಆದರೆ ಟೇಕ್ವಾಂಡೋ ಅನ್ನೋ ಹೆಸರು ಹುಟ್ಟಿದ್ದು 1955ರಲ್ಲಿ. ನಮ್ಮ ಅಜ್ಜಿಗಿಂತ ಚಿಕ್ಕದು. 1945ರಲ್ಲಿ ಜಪಾನಿನ ಆಳ್ವಿಕೆ ಮುಗಿಯುವ ಆಸುಪಾಸಿನಲ್ಲಿ ಸೋಲ್ ನಗರದಲ್ಲಿ ಶಾಲೆ ತೆರೆದವರಲ್ಲಿ ಹಲವರು ಜಪಾನಿನಲ್ಲಿ ಕರಾಟೆ ಕಲಿತು ಬಂದವರು. ಹೆಸರಿನ ಹಿಂದೆ ದುಡಿದ ಜನರಲ್ ಚೊಯ್ ಹೊಂಗ್ ಹಿ ಕೂಡ ಅಲ್ಲೇ ಕರಾಟೆ ಕಲಿತವರು. ಬೆಲ್ಟಿನ ಕಥೆ ಇನ್ನೂ ಕುತೂಹಲದ್ದು. ನಾನು ಕಲಿಯೋವಾಗ ನಮಗೆ ಹೇಳಿದ್ದು ಏನು ಗೊತ್ತಾ? ಹಿಂದಿನ ಕಾಲದಲ್ಲಿ ಒಂದೇ ಬಿಳಿ ಬೆಲ್ಟು, ಒಗೀತಿರಲಿಲ್ಲ, ಬೆವರಿಗೆ ಹಳದಿಯಾಗಿ, ಹುಲ್ಲಿಗೆ ಹಸಿರಾಗಿ, ಕೊನೆಗೆ ಮಣ್ಣು ಮೆತ್ತಿ ಕಪ್ಪಾಗ್ತಿತ್ತು ಅಂತ. ಎಷ್ಟು ಚೆನ್ನಾಗಿದೆ! ನೀಲಿ ಹೇಗಾಯ್ತು ಅಂತ ಕೇಳೋ ಬುದ್ಧಿ ಆಗ ನಮಗೆ ಬರಲಿಲ್ಲ.

ನಿಜ ಸಂಗತಿ ಇಷ್ಟು ಕಾವ್ಯಮಯವಾಗಿಲ್ಲ. ಜೂಡೋ ಕಟ್ಟಿದ ಜಿಗೊರೊ ಕಾನೊ 1880ರ ದಶಕದಲ್ಲಿ ಡಾನ್ ಅನ್ನೋ ದರ್ಜೆಗಳನ್ನ ತಂದರು. ಗೊ ಅನ್ನೋ ಮಣೆಯಾಟದಲ್ಲಿ ಆಟಗಾರರಿಗೆ ಆಗಲೇ ಇದ್ದ ದರ್ಜೆ ಅದು. ಕಪ್ಪು ಬೆಲ್ಟೂ ಅವರ ಕಾಲದ್ದೇ. ನಡುವಿನ ಬಣ್ಣಗಳು ಬೆಳೆದದ್ದು ಜೂಡೋ ಯುರೋಪಿಗೆ ಹೋದಮೇಲೆ. 1930ರ ದಶಕದಲ್ಲಿ ಪ್ಯಾರಿಸ್‌ನಲ್ಲಿ ಕಲಿಸುತ್ತಿದ್ದ ಮಿಕೊನೊಸುಕೆ ಕವೈಶಿ ಅದನ್ನ ಹರಡಿದವರಲ್ಲಿ ಮುಖ್ಯರು. ವರ್ಷಗಟ್ಟಲೆ ಬಿಳಿ ಕಟ್ಕೊಂಡು ಕಾಯೋ ತಾಳ್ಮೆ ಇಲ್ಲದ ವಿದ್ಯಾರ್ಥಿಗಳಿಗೆ ‘ಮುಂದೆ ಹೋಗ್ತಿದೀಯಾ’ ಅಂತ ತೋರಿಸೋ ಮೈಲಿಗಲ್ಲು ಬೇಕಿತ್ತು. ಹಾಗಂತ ಬಣ್ಣ ಕೆಟ್ಟದ್ದು ಅಂತಲ್ಲ. ಮಕ್ಕಳಿಗೆ ಮೈಲಿಗಲ್ಲು ಬೇಕು. ನಮಗೂ ಬೇಕು, ಇಲ್ಲಾಂದ್ರೆ ‘ಸೀನಿಯರ್’, ‘ಲೀಡ್’, ‘ಪ್ರಿನ್ಸಿಪಲ್’ ಅಂತ ಆರು ತಿಂಗಳಿಗೊಮ್ಮೆ ಲಿಂಕ್ಡ್‌ಇನ್‌ನಲ್ಲಿ ಯಾಕೆ ಬದಲಾಯಿಸ್ತೀವಿ? ಆದರೆ ಮೈಲಿಗಲ್ಲನ್ನ ದಾರಿಯಲ್ಲಿ ನೆಡಬೇಕು. ಅಂಗಡಿಯಲ್ಲಿ ಜೋಡಿಸಿಟ್ಟರೆ ಎಷ್ಟು ದೂರ ಬಂದೆ ಅಂತ ಹೇಗೆ ಗೊತ್ತಾಗುತ್ತೆ?

ಬಣ್ಣದ ಬೆಲ್ಟುಗಳಿಗೆ ಮೇಲಿನವರ ಅಂಕೆ ಇಲ್ವಾ ಅಂತ ನೀವು ಕೇಳಬಹುದು. ಸೋಲ್‌ನ ಗಂಗ್ನಮ್‌ನಲ್ಲಿ 1972ರಲ್ಲಿ ಶುರುವಾದ ಕುಕ್ಕಿವೊನ್ ಅಂತ ಇದೆ, ಟೇಕ್ವಾಂಡೋದ ಕೇಂದ್ರಸ್ಥಾನ. ಕಪ್ಪು ಬೆಲ್ಟಿನ ಪ್ರಮಾಣಪತ್ರ ಅದು ಕೊಡೋದು. ಅಲ್ಲಿಯ ನಿಯಮಗಳು ಸ್ಪಷ್ಟ. ಒಂದನೇ ಡಾನ್‌ನಿಂದ ಎರಡಕ್ಕೆ ಕನಿಷ್ಠ ಒಂದು ವರ್ಷ, ಎರಡರಿಂದ ಮೂರಕ್ಕೆ ಎರಡು, ಮೂರರಿಂದ ನಾಲ್ಕಕ್ಕೆ ಮೂರು. 15 ತುಂಬದ ಮಕ್ಕಳಿಗೆ ಡಾನ್ ಇಲ್ಲ, ಪೂಮ್ ಅಂತ ಕೊಡ್ತಾರೆ, ಬೆಲ್ಟ್ ಅರ್ಧ ಕೆಂಪು ಅರ್ಧ ಕಪ್ಪು. ಆದರೆ ಅದರ ಕೆಳಗಿನ ಗುಪ್‌ಗಳು, ಅಂದರೆ ಬಿಳಿ, ಹಳದಿ, ಹಸಿರು, ನೀಲಿ, ಕೆಂಪು, ಬಹುಮಟ್ಟಿಗೆ ಆಯಾ ಶಾಲೆಯ ಮಾಸ್ಟರ್‌ಗೆ ಬಿಟ್ಟದ್ದು. ಅವರು ಬೇಕಾದ್ರೆ ಹಳದಿಗೂ ಹಸಿರಿಗೂ ನಡುವೆ ಒಂದು ‘ಹಸಿರು ಪಟ್ಟಿ’ ಸೇರಿಸಬಹುದು. ಸೇರಿಸ್ತಾರೆ. ಪಟ್ಟಿ ಒಂದಕ್ಕೆ ಟೆಸ್ಟ್ ಒಂದು, ಟೆಸ್ಟ್ ಒಂದಕ್ಕೆ ಶುಲ್ಕ ಒಂದು. ಪುಟ್ಟಿದು 1,200 ರೂಪಾಯಿ ಆಯ್ತು.

ಇಲ್ಲಿ ನನ್ನ ವಾದಕ್ಕೆ ನಾನೇ ಒಂದು ಅಡ್ಡಗಾಲು ಹಾಕ್ಕೋಬೇಕು. ‘ಅಯ್ಯೋ, ಮೂರು ತಿಂಗಳಿಗೆ ಬೆಲ್ಟಾ, ನಮ್ಮ ಕಾಲದಲ್ಲಿ ಹಾಗಿರಲಿಲ್ಲ’ ಅನ್ನೋದು ಸುಲಭದ ಟೀಕೆ. ಕೊರಿಯಾದಲ್ಲೇ ಮಕ್ಕಳು ಒಂದು, ಒಂದೂವರೆ ವರ್ಷದಲ್ಲಿ ಒಂದನೇ ಪೂಮ್ ತಲುಪೋದು ಸಾಮಾನ್ಯ. ಅಲ್ಲಿ ಕಪ್ಪು ಬೆಲ್ಟ್ ಅಂದ್ರೆ ಪಾರಂಗತ ಅಂತಲ್ಲ, ಅಕ್ಷರಾಭ್ಯಾಸ ಮುಗೀತು, ಇನ್ನು ಓದು ಶುರು ಮಾಡಪ್ಪ ಅಂತ. ಆದರೆ ಅಲ್ಲಿನ ಮಕ್ಕಳು ಸ್ಕೂಲ್ ಬಿಟ್ಟ ಮೇಲೆ ವಾರಕ್ಕೆ ಐದು ದಿನ ಹೋಗ್ತಾರೆ. ನಮ್ಮದು ಸೋಮವಾರ, ಗುರುವಾರ. ಮೂರು ತಿಂಗಳಿಗೆ 26 ಕ್ಲಾಸು. ಹಬ್ಬ, ಯೂನಿಟ್ ಟೆಸ್ಟು, ಮಳೆ, ಹಾಲ್‌ನಲ್ಲಿ ಯಾರದೋ ನಾಮಕರಣ ಕಳೆದರೆ 20. ಒಂದು ಗಂಟೆಯಲ್ಲಿ ಹದಿನೈದು ನಿಮಿಷ ವಾರ್ಮಪ್, ಹತ್ತು ನಿಮಿಷ ಚೆಂಡಾಟ (ಮಕ್ಕಳು ಬರೋದೇ ಅದಕ್ಕೆ, ಅದು ಬೇರೆ ವಿಷಯ). ಉಳಿದದ್ದು 35 ನಿಮಿಷ. ಇಪ್ಪತ್ತು ಸಲ ಮೂವತ್ತೈದು ಅಂದ್ರೆ ಹನ್ನೆರಡು ಗಂಟೆಯೂ ಆಗಲ್ಲ. ಮೈಸೂರಿಗೆ ಎರಡು ಸಲ ಹೋಗಿ ಬರೋಷ್ಟು ಹೊತ್ತು. ಅಷ್ಟರಲ್ಲಿ ಒಂದು ಮಗು ಎಡ-ಬಲ ತಪ್ಪೋದರಲ್ಲಿ ಏನಾಶ್ಚರ್ಯ? ತಪ್ಪು ಪುಟ್ಟಿಯದಲ್ಲ. ಕ್ಯಾಲೆಂಡರಿನ ತಿಂಗಳನ್ನ ಅಲ್ಲಿಂದ ತಂದು, ನೆಲದ ಮೇಲಿನ ಗಂಟೆಗಳನ್ನ ಅಲ್ಲೇ ಬಿಟ್ಟು ಬಂದಿದ್ದೀವಿ.

ಪ್ರದರ್ಶನದ ಬಗ್ಗೆ ಒಳ್ಳೇದೂ ಹೇಳಬೇಕು. ಹಲಗೆ ಒಡೆಯೋ ಭಾಗ ನನಗೆ ಸಪ್ಪೆ ಅನ್ನಿಸಿತು. ತೆಳುವಾದ ಹಲಗೆಯನ್ನ ನಾರಿನ ಗೆರೆ ನೋಡಿ ಸರಿಯಾಗಿ ಹಿಡಿದರೆ ಅದು ಒಡೆಯೋಕೆ ಕಾಯ್ತಾ ಇರುತ್ತೆ, ಅರ್ಧ ಶ್ರೇಯಸ್ಸು ಹಿಡಿದವರದ್ದು. ಆದರೆ ಕೆಂಪು ಬೆಲ್ಟಿನ ಒಬ್ಬ ಹುಡುಗ ತೇಗುಕ್ ಪಾಲ್ ಜಾಂಗ್ ಮಾಡಿದ, ಎಂಟನೇದು. ಕಾಲು ಸೊಂಟದ ಮೇಲೆ ಏಳಲ್ಲ ಅವನಿಗೆ. ಆದರೂ ಪ್ರತಿ ತಿರುವಿನಲ್ಲೂ ಮೊದಲು ತಲೆ ತಿರುಗಿ, ಕಣ್ಣು ಅಲ್ಲಿ ನೆಟ್ಟು, ಆಮೇಲೆ ದೇಹ. ಎದುರಿಗೆ ಯಾರೋ ಇದ್ದಾರೆ ಅಂತ ಅವನಿಗೆ ಗೊತ್ತಿತ್ತು. ಎತ್ತರಕ್ಕೆ ಒದ್ದು ಶಿಳ್ಳೆ ಗಿಟ್ಟಿಸಿದವರು ಬೇರೆಯವರು, ನನ್ನ ಅಂಕ ಇವನಿಗೆ. ಇನ್ನೊಬ್ಬಳು ಹದಿಮೂರು ಹದಿನಾಲ್ಕರ ನೀಲಿ ಬೆಲ್ಟಿನ ಹುಡುಗಿ. ಬೆಳಿಗ್ಗೆ ಎಂಟರಿಂದ ಚಿಕ್ಕ ಮಕ್ಕಳ ಬೆಲ್ಟ್ ಬಿಚ್ಚಿದಾಗೆಲ್ಲ ಮಂಡಿಯೂರಿ ಕಟ್ಟಿದ್ದು ಅವಳೇ. ಪುಟ್ಟಿ ಅಳೋ ಹಾಗೆ ಬಂದಾಗ ಅವಳ ಕಿವಿಯಲ್ಲಿ ಏನೋ ಹೇಳಿ ನಗಿಸಿದ್ದೂ ಅವಳೇ. ಅದಕ್ಕೆ ಯಾವ ಹಾಳೆಯಲ್ಲೂ ಕಾಲಂ ಇರಲಿಲ್ಲ.

ನಾನೂ ಕಲಿತಿದ್ದೆ ಅಂದೆನಲ್ಲ, ಅದನ್ನ ಹೇಳದೇ ಹೋದರೆ ಮೋಸ ಆಗುತ್ತೆ. ಹಾಸನದಲ್ಲಿ ಹೈಸ್ಕೂಲ್ ಓದುವಾಗ ಶುರು ಮಾಡಿದ್ದು, ನೀಲಿಯವರೆಗೆ. ಹಸಿರಿನಿಂದ ನೀಲಿಗೆ ಹೋಗೋವಾಗ ನಮ್ಮ ಮಾಸ್ಟರ್ ನನ್ನ ಫೇಲ್ ಮಾಡಿದ್ರು. ಯಪ್ ಚಾಗಿ, ಪಕ್ಕಕ್ಕೆ ಒದೆಯೋದು. ಒದೆಯೋ ಕಾಲಿನ ಮೇಲೆ ಎಲ್ಲರ ಕಣ್ಣು, ಆದರೆ ಕೆಲಸ ಮಾಡೋದು ನಿಂತ ಕಾಲು. ಅದರ ಹಿಮ್ಮಡಿ ಎದುರಾಳಿಯ ಕಡೆ ತಿರುಗಬೇಕು, ಆಗ ಸೊಂಟ ತೆರೆದುಕೊಳ್ಳುತ್ತೆ. ನಂದು ತಿರುಗ್ತಿರಲಿಲ್ಲ. ಒದೆತ ಮೇಲೆ ಹೋಗ್ತಿತ್ತು, ಒಳಗೆ ಏನೂ ಇರ್ತಿರಲಿಲ್ಲ. ಹೀಗೇ ಮಾಡ್ತಾ ಹೋದ್ರೆ ಮಂಡಿ ಹೋಗುತ್ತೆ ಅಂತ ಮಾಸ್ಟರ್ ಹೇಳಿದ್ರು. ಅಮ್ಮ ಹೇಳಿದ್ದು, “ದುಡ್ಡು ಕೊಟ್ಟು ಫೇಲ್ ಆಗೋಕೆ ಅಲ್ಲಿಗೆ ಯಾಕೆ ಹೋಗ್ಬೇಕೇ, ಅದಕ್ಕೆ ಸ್ಕೂಲಿಲ್ವಾ?” ನಾನು ಒಂದು ವಾರ ಅತ್ತೆ. ಜೊತೆಗಿದ್ದ ಇನ್ನೊಬ್ಬಳೂ ಫೇಲ್ ಆಗಿದ್ಲು, ಅವಳು ಮತ್ತೆ ಬರಲೇ ಇಲ್ಲ. ಈಗ ಯೋಚಿಸಿದರೆ ಅವಳೇ ನನಗಿಂತ ಚೆನ್ನಾಗಿ ಒದೀತಿದ್ಲು. ಹಾಗಾಗಿ ಆ ಫೇಲ್ ನನ್ನ ಬದುಕನ್ನೇ ರೂಪಿಸಿತು ಅನ್ನೋ ಥರ ಭಾಷಣ ನನ್ನಿಂದಾಗಲ್ಲ. ಯಪ್ ಚಾಗಿ ಕಲಿತೆ, ಅಷ್ಟೇ. ಸಿಇಟಿ ಬಂತು, ಬಿಟ್ಟೆ.

ಪುಟ್ಟಿ ಬಿಳಿ ಬೆಲ್ಟ್ ಬಿಡದೇ ಇದ್ದಾಗ ಅಕ್ಕ ನನ್ನನ್ನೇ ಮಾಸ್ಟರ್ ಹತ್ರ ಕಳಿಸಿದಳು. ಸ್ವಲ್ಪ ಜಗಳಕ್ಕೇ ಸಿದ್ಧವಾಗಿ ಹೋಗಿದ್ದೆ ಅಂತ ಒಪ್ಕೋತೀನಿ. ಮೂವತ್ತರ ಆಸುಪಾಸಿನ ಮನುಷ್ಯ, ಟೂವೀಲರ್ ಮೇಲೆ ಕಿಕ್ ಪ್ಯಾಡುಗಳ ಚೀಲ ಕಟ್ಕೊಂಡು ದಿನಕ್ಕೆ ಮೂರು ಅಪಾರ್ಟ್‌ಮೆಂಟ್ ಸುತ್ತುತ್ತಾರೆ. ಪುಟ್ಟಿ ಹದಿಮೂರನೇದರಲ್ಲಿ ತಪ್ಪಿದ್ದು ಅವರಿಗೆ ಗೊತ್ತಿತ್ತು. ನೋಡಿದ್ರು. “ಫೇಲ್ ಮಾಡ್ಬೇಕಿತ್ತು ಮೇಡಂ, ನಿಜ. ಹಿಂದಿನ ವರ್ಷ ಇಬ್ಬರಿಗೆ ಮಾಡಿದೆ. ಮಕ್ಕಳು ಸುಮ್ನಿದ್ರು. ಒಬ್ಬರ ಅಪ್ಪ ಅಸೋಸಿಯೇಷನ್‌ಗೆ ಮೇಲ್ ಹಾಕಿದ್ರು. ಇನ್ನೊಬ್ಬರು ಮಗೂನ ಸ್ಕೇಟಿಂಗ್‌ಗೆ ಸೇರಿಸಿದ್ರು, ಜೊತೆಗೆ ಅದೇ ಬ್ಲಾಕಿನ ಇನ್ನೂ ನಾಲ್ಕು ಜನ ಹೋದ್ರು.” ತಿಂಗಳ ಫೀಸಿನಲ್ಲಿ ಹಾಲಿಗೆ ಒಂದು ಪಾಲು ಹೋಗುತ್ತೆ. ಟೆಸ್ಟ್ ಫೀಸಿನಲ್ಲಿ ಪರೀಕ್ಷಕರಿಗೆ, ಸಂಸ್ಥೆಗೆ. ಬೇಸಿಗೆ ರಜೆಯ ಎರಡು ತಿಂಗಳು ಅರ್ಧ ಜನ ಬರಲ್ಲ, ಆಗ ಕೈ ಹಿಡಿಯೋದು ಟೆಸ್ಟೇ. ಇದನ್ನೆಲ್ಲ ಅವರು ದೂರಿನ ಥರ ಹೇಳಲಿಲ್ಲ, ಲೆಕ್ಕ ಒಪ್ಪಿಸಿದ ಹಾಗೆ ಹೇಳಿದ್ರು. ನನ್ನ ಜಗಳ ಚೀಲದಲ್ಲೇ ಉಳಿಯಿತು.

ಹಾಗಾದ್ರೆ ಯಾರನ್ನ ಬಯ್ಯೋದು? ಮೊದಲು ನಮ್ಮನ್ನೇ. ಹಾಲ್‌ನಲ್ಲಿ ಕೂತಿದ್ದ ಅಪ್ಪ-ಅಮ್ಮಂದಿರ ಮಾತು ಕೇಳಿಸ್ಕೊಂಡೆ. ಒಬ್ಬರು, ಮುಂದೆ ಸ್ಪೋರ್ಟ್ಸ್ ಕೋಟಾಗೆ ಬರುತ್ತೆ ಅಂತ ಲೆಕ್ಕ ಹಾಕ್ತಿದ್ರು. ಕೋಟಾದಲ್ಲಿ ಕೇಳೋದು ಮಾನ್ಯತೆ ಇರೋ ಪಂದ್ಯಾವಳಿಯ ಪದಕ ಸ್ವಾಮಿ, ಸೊಂಟದ ಬಣ್ಣ ಅಲ್ಲ. ಭಾವ ಮನೆಗೆ ಬಂದು ಫೋನ್‌ನಲ್ಲಿ ಯಾರಿಗೋ ಹೇಳ್ತಿದ್ರು, “ಹೆಣ್ಣು ಮಗು ನೋಡಿ, ಇನ್ನು ಧೈರ್ಯ.” ನನಗೆ ಭಯ ಆಗಿದ್ದು ಅಲ್ಲಿ. ಹನ್ನೆರಡು ಗಂಟೆ ಅಭ್ಯಾಸ ಮಾಡಿದ, ಒಂದು ಸಲವೂ ಎದುರಿಗೆ ಮನುಷ್ಯನನ್ನ ಇಟ್ಕೊಂಡು ಆಡದ, ಇಪ್ಪತ್ತೆರಡು ಕೆಜಿ ತೂಕದ ಮಗು. ಅದರ ಬೆಲ್ಟ್ ನೋಡಿ ಧೈರ್ಯ ತಗೊಳ್ತಿರೋದು ಅಪ್ಪ. ಅಪಾಯ ಅಂತ ಬಂದಾಗ ಓಡು, ಕೂಗು, ದೊಡ್ಡವರಿಗೆ ಹೇಳು ಅಂತ ಅವಳಿಗೆ ಕಲಿಸಬೇಕಾದ ಜಾಗದಲ್ಲಿ ನಾವು ಹಳದಿ ಬಟ್ಟೆಯ ತುಂಡೊಂದನ್ನ ಕಟ್ಟಿ ನಿಶ್ಚಿಂತರಾಗ್ತೀವಿ. ಬೆಲ್ಟ್ ಸುಳ್ಳು ಹೇಳಿದ್ರೆ ನಷ್ಟ ಬರೀ 1,200 ರೂಪಾಯಿ ಅಲ್ಲ.

ಪುಟ್ಟಿ ಮಾತ್ರ ಆ ಸುಳ್ಳನ್ನ ನಂಬಲಿಲ್ಲ. ಹಳೇ ಮೈಸೂರಿನ ಗರಡಿಗಳಲ್ಲಿ ಬೆಲ್ಟಿರಲಿಲ್ಲ, ಯಾರು ಎಲ್ಲಿದ್ದಾರೆ ಅನ್ನೋದು ಮಟ್ಟಿಯ ಮೇಲೆ ಮೈಗೆ ಮೈ ತಾಗಿದಾಗ ಇಬ್ಬರಿಗೂ ಗೊತ್ತಾಗ್ತಿತ್ತು ಅಂತ ನಮ್ಮ ತಾತ ಹೇಳ್ತಿದ್ರು. (ಹೆಣ್ಣುಮಕ್ಕಳಿಗೆ ಅಲ್ಲಿ ಪ್ರವೇಶವೇ ಇರಲಿಲ್ಲ ತಾತ, ಅಂತ ನಾನು ಆಗ ಹೇಳಬೇಕಿತ್ತು.) ಯಾರ ಮೈಯೂ ತಾಗದೇ, ಬರೀ ಒಂದು ತಪ್ಪು ತಿರುವಿನಿಂದ ತಾನೆಲ್ಲಿದ್ದೀನಿ ಅಂತ ಈ ಹುಡುಗಿಗೆ ಗೊತ್ತಾಗಿದೆ. ಪರೀಕ್ಷಕರು ಮಾಡದ ಪರೀಕ್ಷೆಯನ್ನ ಅವಳೇ ಮಾಡ್ಕೊಂಡು, ಫಲಿತಾಂಶವನ್ನೂ ಅವಳೇ ಕೊಟ್ಟಿದ್ದಾಳೆ. ಆದರೆ ಅದಕ್ಕೆ ಅವಳು ತೆರ್ತಿರೋ ಬೆಲೆಯೂ ಇದೆ. ಸೋಮವಾರ, ಗುರುವಾರ ಹಳದಿಯವರ ಸಾಲಲ್ಲಿ ಬಿಳಿ ಕಟ್ಕೊಂಡು ನಿಲ್ಲೋವಾಗ ಆ ಪಕ್ಕದ ಹುಡುಗ ನಗ್ತಾನಂತೆ. ಅಕ್ಕನಿಗೆ ಅದು ಸಂಕಟ. “ನಿನ್ನಿಂದಾನೇ ಇದು, ನೀನು ಹಿಮ್ಮಡಿ ಅದೂ ಇದೂ ಅಂತ ಅವಳ ತಲೆ ಕೆಡಿಸಿದೀಯ” ಅಂತ ನನ್ನ ಮೇಲೆ ಕೋಪ.

ಮಾಸ್ಟರ್ ಒಂದು ದಾರಿ ಹೇಳಿದ್ದಾರೆ. ಪರೀಕ್ಷಕರಿಲ್ಲ, ಫೀಸಿಲ್ಲ, ಯಾವಾಗ ಅವಳಿಗೆ ಅನ್ನಿಸುತ್ತೋ ಆವತ್ತು ಕ್ಲಾಸ್ ಮುಗಿದ ಮೇಲೆ ಒಬ್ಬಳೇ ಇಲ್ ಜಾಂಗ್ ಮಾಡಿ ತೋರಿಸಲಿ, ಆಮೇಲೆ ಹಳದಿ ಕಟ್ಟಲಿ. ಅಲ್ಲಿಯವರೆಗೆ ಬಿಳಿ ಇರಲಿ, ಸಾಲಲ್ಲಿ ನಗೋರನ್ನ ನಾನು ನೋಡ್ಕೋತೀನಿ ಅಂದ್ರು. ಪುಟ್ಟಿ ಈಗ ರಾತ್ರಿ ಊಟ ಆದಮೇಲೆ ಫ್ಲಾಟಿನ ಹೊರಗಿನ ಪ್ಯಾಸೇಜಿನಲ್ಲಿ ಅಭ್ಯಾಸ ಮಾಡ್ತಾಳೆ. ಜಾಗ ಸಾಲಲ್ಲ. ಹದಿಮೂರಕ್ಕೆ ಎಡಕ್ಕೆ ತಿರುಗಿದರೆ ಪಕ್ಕದ ಮನೆಯವರ ಚಪ್ಪಲಿ ಸ್ಟ್ಯಾಂಡು ಅಡ್ಡ ಬರುತ್ತೆ, ಒದೆತಕ್ಕೆ ಒಂದು ಹೆಜ್ಜೆ ಹಿಂದೆ ಸರೀಬೇಕು.

ಮೊನ್ನೆ ಗುಂಪಿನಲ್ಲಿ ಮೆಸೇಜ್ ಬಂದಿದೆ. ಮುಂದಿನ ಟೆಸ್ಟ್, ಹಳದಿಯಿಂದ ಹಸಿರು ಪಟ್ಟಿ, ಹೆಸರು ಕೊಡೋಕೆ ಕೊನೇ ದಿನ ಇದೇ 20. ಭಾವ ದುಡ್ಡು ಕಳಿಸಿಬಿಡೋಣ ಅಂತಾರೆ. ಅಕ್ಕ ಇನ್ನೂ ಏನೂ ಹೇಳಿಲ್ಲ. ಪುಟ್ಟಿಯನ್ನ ಕೇಳೋಣ ಅಂತ ಹೋದ್ರೆ ಅವಳು ಪ್ಯಾಸೇಜಿನಲ್ಲಿದ್ದಳು, ಹನ್ನೊಂದನೇದರಲ್ಲಿ. ಮುಗಿಸಲಿ ಅಂತ ಬಾಗಿಲಲ್ಲೇ ನಿಂತೆ.